ಐದು ಶಬ್ದಗಳ ಬಾಯಿಪಾಠ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ; ಕೂಕಟ್‌ಪಲ್ಲಿಯ ನಮ್ಮ ಕ್ಲಿನಿಕ್ಕಿಗೆ ಬರುವ ಕೋಚುಗಳಿಗೆಲ್ಲ ಅದು ಗೊತ್ತು. ತಲೆಗೆ ಪೆಟ್ಟು ತಿಂದ ಮಕ್ಕಳು ಮತ್ತೆ ಆಟಕ್ಕೆ ಇಳಿಯಬಹುದೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಅವಸರಪಟ್ಟು ಬಿಟ್ಟರೆ ಎರಡನೆಯ ಪೆಟ್ಟಿಗೆ ಜೀವವೇ ಹೋದೀತು.

ಕಬಡ್ಡಿ ಆಡುವ ಶರ್ವರಿಗೆ ಎದುರಾಳಿಯ ಮೊಣಕಾಲು ತಲೆಗೆ ಬಡಿದಿತ್ತು. ಪರೀಕ್ಷೆಗೆ ಅಂದು ಎರಡನೆಯ ಸಲ ಬಂದಿದ್ದಳು. ಭಾನುವಾರ ರಾಜ್ಯ ತಂಡದ ಆಯ್ಕೆ.

"ಹುಡುಗಿ ಈಗ ಭಾಳ ಚಲೋ ಅದಾಳ್ರಿ ಮಂದಾರ ಮೇಡಂ," ಎಂದರು ತಾಯಿ ಯಮುನಾಬಾಯಿ, ಕುರ್ಚಿಯ ತುದಿಯಲ್ಲಿ ಕೂತು. "ಸ್ಪೋರ್ಟ್ಸ್ ಕೋಟಾದಾಗ ನೌಕರಿ ಸಿಕ್ರ ಆಕಿ ಬಾಳೇ ಬಂಗಾರ ಆಗ್ತೈತಿ."

ನೆನಪಿನ ಪರೀಕ್ಷೆಯಲ್ಲಿ ನಾನು ಐದು ಶಬ್ದ ಹೇಳುತ್ತೇನೆ, ಮಕ್ಕಳು ತಿರುಗಿ ಹೇಳಬೇಕು, ಅಷ್ಟೇ. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಛತ್ರಿ, ಬೆಲ್ಲ, ನದಿ, ಗಡಿಯಾರ, ಕುದುರೆ," ಎಂದಳು ಶರ್ವರಿ.

ಅವು ಹೋದ ಸಲದ ಶಬ್ದಗಳು.

"ಅವಲ್ಲ, ಇವತ್ತಿನವು ಬ್ಯಾರೆ ಅದಾವ. ಸೂಜಿ, ಹುಣಸೆ, ಗುಡ್ಡ, ಚಪ್ಪಲಿ, ನವಿಲು. ಹೇಳು."

ಅವಳು ಗಮನವಿಟ್ಟು ಕೇಳಿದಳು, ತಲೆಯಾಡಿಸಿದಳು. "ಛತ್ರಿ, ಬೆಲ್ಲ, ನದಿ, ಗಡಿಯಾರ, ಕುದುರೆ." ನಡುನಡುವೆ ಅದೇ ಬಿಡುವು. ಹೇಳುವ ಧಾಟಿ ಹುಡುಗಿಯದಲ್ಲ, ಅವಳ ತಾಯಿಯದು. ತಿರುಗಿ ನೋಡಿದರೆ ಯಮುನಾಬಾಯಿಯ ತುಟಿಗಳೂ ಅಲ್ಲಾಡುತ್ತಿದ್ದವು.

"ಏನ್ ಮಾಡೀರಿ ನೀವು?" ಗದರಿದೆ.

"ಹ್ವಾದ ಸಲ ಬಾಜೂಕ ಕುಂತು ಕೇಳಿದ್ನೆಲ್ರಿ. ಮಗ್ಗಿ ಕಲಿಸಿದಂಗ ಕಲಿಸೀನಿ. ಮರತ್ರ, ನಿದ್ದಿಯಿಂದ ಎಬ್ಬಿಸಿ ಮತ್ತ ಹೇಳಸ್ತಿದ್ದೆ. ನಮ್ಮವ್ವ ನನಗ ಹಂಗ ಕಲಿಸಿದ್ಲು."

ಪೆಟ್ಟು ಬಿದ್ದ ಮಿದುಳಿಗೆ ನಿದ್ದೆಯೇ ಔಷಧ ಎಂದು ಹೋದ ಸಲ ಬಡಕೊಂಡಿದ್ದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು. ಬೈಗುಳ ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ಶರ್ವರಿ ನನ್ನ ತೋಳು ಹಿಡಿದಳು. ಅವಳ ಕೈ ತಣ್ಣಗಿತ್ತು.

"ಸರಿ ಹೇಳಿದ್ನೇನ್ರಿ ಮೇಡಂ? ಈಗರ ಮಲಗ್ಲೇನ್ರಿ?"

ಉತ್ತರಕ್ಕೂ ಕಾಯದೆ ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಬೈಗುಳವನ್ನು ನುಂಗಿಕೊಂಡೆ.

"ಆಯ್ತವಾರ ಆಯ್ಕೆದಾಗ ಆಡೂಹಂಗಿಲ್ಲ," ಎಂದೆ.

ಯಮುನಾಬಾಯಿ ಮಗಳ ಮುಖವನ್ನೇ ನೋಡುತ್ತಿದ್ದರು. ಹುಡುಗಿಗೆ ನಿದ್ದೆ ಹತ್ತಿತ್ತು, ತುಟಿಗಳು ಮಾತ್ರ ನಿಂತಿರಲಿಲ್ಲ. ಛತ್ರಿ, ಬೆಲ್ಲ, ನದಿ.

"ಸಾಕವ್ವಾ," ಎಂದು ತಾಯಿ ತಲೆ ಸವರಿದರು. "ಸಾಕ್ ಮಾಡು, ನನ್ನವ್ವಾ."

ತಾಯಿಯ ದನಿ ಕೇಳಿದ್ದೇ ತಡ, ಶರ್ವರಿ ನಿದ್ದೆಯಲ್ಲೇ ಬೆಚ್ಚಿ, ಮೊದಲಿನಿಂದ ಶುರು ಮಾಡಿದಳು.