ದೀಪ ಆರುವವರೆಗೆ

ಮತ್ತೆ ಅದೇ ವಾಸನೆ, ಒಲೆಯ ಮೇಲೆ ಮರೆತ ಕಾವಲಿಯದ್ದರ ಹಾಗೆ, ಪಿಕಪ್ಪಿನ ಹೊಟ್ಟೆಯಡಿಯಿಂದ ಏರುತ್ತಿದೆ, ಬಂದ್ ಮಾಡು ಅನ್ನುವ ಮಾತು ತುದಿನಾಲಿಗೆಗೆ ಬಂತು, ನುಂಗಿಕೊಂಡೆ — ಎರಡು ವರ್ಷದಿಂದ ಹೀಗೇ ಅಂದವಳಲ್ಲವೇ ನಾನು, ವಾಸನೆ ಬಂತೆಂದರೆ ಸಾಕು, ಶಾಂತವೀರ, ಗಾಡಿ ಆರಿಸೋ, ಬೆಂಕಿ ಹತ್ತೀತು, ಮಗನೂ ಆರಿಸಿಬಿಡುತ್ತಿದ್ದ, ಇವತ್ತು ಬೆಳಿಗ್ಗೆ ಕೊಪ್ಪದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ವಿಘ್ನೇಶ ಗಾಡಿಯಡಿ ಮಲಗಿಕೊಂಡೇ ನಕ್ಕ, ವೀರಮ್ಮಜ್ಜಿ, ಇದು ಹೊಗೆಯ ಮಸಿ ಹಿಡಿಯೋ ಡಬ್ಬ, ಚೆನ್ನಾಗಿ ಕಾದ್ರೆ ಮಸೀನ ತಾನೇ ಸುಟ್ಕೊಳ್ಳುತ್ತೆ, ಆ ವಾಸನೆ ಅದರದ್ದೇ, ನೀವು ಪ್ರತಿ ಸಲ ಅರ್ಧಕ್ಕೇ ಆರಿಸಿದ್ರೆ ಕಟ್ಕೊಳ್ಳದೆ ಇನ್ನೆಂತ ಆಗುತ್ತೆ ಮಾರಾಯ್ರೆ, ಅದಕ್ಕೇ ಮೀಟರ್ ಹತ್ರ ಆ ಹಳದಿ ದೀಪ.

ಹಸಿ ಸೌದೆಯ ಒಲೆಯ ಹಾಗೆಯೇ ಅಂದುಕೊಂಡೆ, ಉರಿಯಲು ಬಿಡದೆ ಹೊಗೆಯಾಡಿತೆಂದು ಬೈಯುವುದು, ಮಗನಿಗೆ ತಾಳ್ಮೆಯಿಲ್ಲ, ಡಬ್ಬಾನೇ ಕತ್ತರಿಸಿ ಒಗೆದು ಬರೀ ಪೈಪ್ ಕೂರಿಸೋ ಅಂದ, ಹಾಗಾದರೆ ದೀಪ? ಅಂದೆ, ಗಾಡಿಯ ಕಂಪ್ಯೂಟರಿಗೆ ಸುಳ್ಳು ಹೇಳೋದು ಅಜ್ಜಿ, ಡಬ್ಬ ಇದೆ ಅಂತ್ಲೇ ನಂಬುತ್ತೆ, ಮತ್ತೆ ಮಸಿ ಎಲ್ಲಿ ಹೋಗುತ್ತೋ? ಕೇಳಿದೆ, ಐವತ್ತರ ಮೇಲೆ ರಾತ್ರಿಶಾಲೆಯಲ್ಲಿ ಕೂತವಳು ನಾನು, ಗೊತ್ತಿಲ್ಲದ್ದನ್ನು ಕೇಳುವ ನಾಚಿಕೆ ಅಲ್ಲೇ ಬಿಟ್ಟುಹೋಯಿತು, ವಿಘ್ನೇಶ ನನ್ನ ಹೆಗಲ ಬಿಳಿ ವಸ್ತ್ರ ತೆಗೆದು, ಮೊನ್ನೆ ಡಬ್ಬ ಕತ್ತರಿಸಿದ ಇನ್ನೊಂದು ಪಿಕಪ್ಪಿನ ಪೈಪಿಗೆ ಹಿಡಿದ, ಮಗನಿಂದ ಎಕ್ಸಲರೇಟರ್ ಒತ್ತಿಸಿದ, ವಸ್ತ್ರದ ನಡುವೆ ಕಪ್ಪು ಉಂಗುರ — ಅವ್ವನ ಸೆರಗಿನಲ್ಲೂ ಅದೇ, ಗೌಡರ ಮನೆಯ ಭತ್ತ ಬೇಯಿಸುವ ಒಲೆಯ ಮುಂದೆ ಬಾಯಿಗೆ ಸೆರಗು ಒತ್ತಿ ಕೂರುತ್ತಿದ್ದಳು, ಉಸಿರಾಡಿದ ಜಾಗದಲ್ಲಿ ಉಂಗುರ, ಎಷ್ಟು ಒಗೆದರೂ ಹೋಗದ್ದು, ಕೆಮ್ಮಿ ಕೆಮ್ಮಿಯೇ ಹೋದಳು.

ನಮ್ಮ ಗಾಡಿಯ ಹಿಂಬದಿಯಲ್ಲಿ ದಿನಾ ಸೊಸೆ ಮಲ್ಲಿಕಾ ಕೂರುತ್ತಾಳೆ, ಜೊತೆಗೆ ಏಳು ಹೆಂಗಸರು, ಬಸರೀಕಟ್ಟೆಯ ತೋಟದ ಕೆಲಸಕ್ಕೆ, ಏರಿನಲ್ಲಿ ಪೈಪಿನ ಹೊಗೆಯೆಲ್ಲ ಅವರ ಮೂಗಿಗೇ — ಕತ್ತರಿಸೋದು ಬೇಡ ಕಣೋ ಅಂದೆ ಮಗನಿಗೆ, ಆಗ ವಿಘ್ನೇಶ, ಎನ್.ಆರ್. ಪುರದವರೆಗೆ ನಿಲ್ಲಿಸದೆ ಓಡ್ಸಿ, ಗೇರ್ ಇಳಿಸಿ ಇಂಜಿನ್ ಕಾಯ್ಲಿ, ಊರು ಮುಟ್ಟೋದ್ರೊಳಗೆ ದೀಪ ಆರಿದ್ರೆ ಡಬ್ಬ ಇರ್ಲಿ, ಇಲ್ಲಾಂದ್ರೆ ಸಂಜೆ ತಂದುಬಿಡಿ, ಕತ್ತರಿಸೋಕೆ ಗ್ರೈಂಡರ್ ಇದೆಯಲ್ಲ.

ಈಗ ತಿರುವು, ಎದುರು ಬಸ್ಸು, ಇಂಜಿನ್ನಿನ ಅರಚಾಟ, ಎಷ್ಟು ಬಿಸಿ ಇರಬಹುದು ಡಬ್ಬದೊಳಗೆ, ಮಸಿ ಉರಿದರೆ ಬೂದಿಯಾಗುತ್ತದೋ, ಆ ಬೂದಿ ಎಲ್ಲಿ ಕೂರುತ್ತದೋ, ಇದನ್ನು ಕೇಳುವುದೇ ಮರೆತೆ, ಅಮ್ಮ, ವಾಸನೆ ಜೋರಾಯ್ತಲ್ಲೇ, ನಿಲ್ಲಿಸ್ಲಾ? ಮಗನ ದನಿಯಲ್ಲಿ ನನ್ನದೇ ಹೆದರಿಕೆ, ನಿಲ್ಲಿಸಿದ್ರೆ ಜೋಕೆ, ಓಡ್ಸು, ಎನ್.ಆರ್. ಪುರದ ಪೂರ್ತಿ ಹೆಸರಿನ ಬೋರ್ಡು ಕಾಣುತ್ತಿದೆ, ದೂರದಿಂದ ಒಂದೊಂದೇ ಅಕ್ಷರ ಕೂಡಿಸುತ್ತೇನೆ, ನ, ರ, ಸಿಂ — ದೀಪ ಇನ್ನೂ ಹಳದಿ, ಹ, ರಾ — ಆರ್ತು! ಅಮ್ಮ, ಆರ್ತು ನೋಡೇ! ನೋಡಬೇಕು, ನೋಡುತ್ತೇನೆ, ಕಣ್ಣು ಮಾತ್ರ ಮಡಿಲಿನಿಂದ ಏಳುತ್ತಿಲ್ಲ, ಬಿಳಿ ವಸ್ತ್ರ, ನಡುವೆ ಕಪ್ಪು ಉಂಗುರ, ಅವ್ವನ ಬಾಯಿಯಷ್ಟೇ ಅಗಲ