ಸಿಪ್ಪೆಯಲ್ಲಿ ಉಳಿದದ್ದು

ಟಕ್ ಟಕ್ ಟಕ್ — ಆಹಾ, ಎಂಥಾ ಸದ್ದು, ಒಂದೇ ಒಂದು ಪೆಟ್ಟು ತಪ್ಪುತ್ತಿಲ್ಲ, ನಜೀರ್ ಅಹ್ಮದನ ತಲೆ ತಾನಾಗಿಯೇ ತೂಗುತ್ತಿದೆ, ಮದ್ದೂರಿನ ಸುತ್ತಮುತ್ತ ಎಷ್ಟು ಎಂಜಿನ್ನುಗಳಿವೆಯೋ ಅಷ್ಟರ ಕೆಮ್ಮು ದಮ್ಮು ಬಲ್ಲ ಕಿವಿ ಇದು, ದೂರದಿಂದ ಕೇಳಿಯೇ ಯಾವುದರ ಯಾವ ಬೋಲ್ಟು ಸಡಿಲ ಅಂತ ಹೇಳಿಬಿಡುತ್ತಾನೆ ನಜೀರ್ ಮೇಸ್ತ್ರಿ, ಅಂಥವನಿಗೆ ಆತಗೂರಿನ ಈ ಆಲೆಮನೆಯಲ್ಲಿ ಹುಡುಕಿದರೂ ಒಂದು ಕೊಂಕು ಸಿಗುತ್ತಿಲ್ಲ, ಕೊಂಡುಬಿಡು, ಎಂಜಿನ್ನೂ ಗಾಣವೂ ಸೇರಿ ಒಂದೇ ಬೆಲೆ, ಇನ್ನೆಷ್ಟು ದಿನ ಕಂಡವರ ಎಂಜಿನ್ನಿನ ಅಡಿ ಮಲಗಿ ಎಣ್ಣೆ ಬಳಿದುಕೊಳ್ಳುತ್ತೀಯ — ಮಾಲೀಕ ಹೊನ್ನಯ್ಯ ಕೊಪ್ಪರಿಗೆಯ ಪಕ್ಕ ನಿಂತು ಎಲೆಯಡಿಕೆ ಜಗಿಯುತ್ತ, ಏನ್ ಮೇಸ್ತ್ರಿಗಳೇ, ಬ್ಯಾಗ ಏಳ್ಬುಡಿ, ಮಳವಳ್ಳಿಯೋರು ಗಾಣ ಕೊಳ್ಳಾಕೆ ಮದ್ಯಾನದ ಬಸ್ಸಿಗೆ ಬತ್ತಾವ್ರೆ, ಆಮ್ಯಾಕೆ ನನ್ನ ಬಯ್ಬ್ಯಾಡಿ, ಅನ್ನುತ್ತಾನೆ, ಬಯ್ಯುವುದೆಲ್ಲಿ ಬಂತು ಮಾರಾಯ, ಜೇಬಿಗೆ ಕೈ ಹೋಗುತ್ತಿಲ್ಲವಲ್ಲ, ಕೋಟಿನ ಒಳಜೇಬಿನಲ್ಲಿ ಕರವಸ್ತ್ರದ ಗಂಟು, ಗಂಟಿನಲ್ಲಿ ಹೆಂಡತಿ ಮೆಹರುನ್ನೀಸಾಳ ಆರು ಚಿನ್ನದ ಬಳೆ. ಬೆಳಿಗ್ಗೆ ಸೋಪು ಹಚ್ಚಿ ಒಂದೊಂದಾಗಿ ಕಳಚಿ ಕೊಟ್ಟಳು, ನಿಕಾಹ್ ಆದಾಗಿನಿಂದ ಕೈಬಿಟ್ಟು ಇಳಿಯದ ಬಳೆ, ಕೊನೆಯದು ಗೆಣ್ಣಿಗೆ ಸಿಕ್ಕಿಕೊಂಡಾಗ ಅವಳು ಉಫ್ ಅನ್ನಲಿಲ್ಲ, ಅವನೇ ಅಂದ, ಬಳೆ ಇದ್ದ ಕಡೆ ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಬೆಳ್ಳಗಿನ ಪಟ್ಟಿ — ಅಜೀ, ನೋಡಿ ಕೊಳ್ಳಿ, ಅಷ್ಟೇ, ನಾನೇನೂ ಕೇಳುವುದಿಲ್ಲ, ಅಂದಳು, ಎಂಥ ಹೆಂಗಸಪ್ಪಾ ಇವಳು, ಅವಳ ಜಾಗದಲ್ಲಿ ತಾನಿದ್ದಿದ್ದರೆ ನೂರೆಂಟು ಕೇಳುತ್ತಿದ್ದ, ಅವಳು ಕೇಳದೇ ಇದ್ದದ್ದೇ ಈಗ ಎದೆಯ ಮೇಲೆ ಕೂತಿದೆ.

ನೋಡಿ ಕೊಳ್ಳಿ, ಸರಿ, ಆದರೆ ಏನನ್ನು ನೋಡುವುದು? ಮೆಹರುನ್ನೀಸಾಳ ತಮ್ಮ ವಾಜಿದನನ್ನು ಕೇಳಿದರೆ ಗೋಡೆ ನೋಡು ಅನ್ನುತ್ತಾನೆ, ಮಂಡ್ಯದ ಮಂಡಿಯಲ್ಲಿ ಬೆಲ್ಲ ತೂಗುವ ಕೆಲಸ ಅವನದು, ಸಂತೆಯಿಂದ ಸಂತೆಗೆ ಮನೆಯ ಹಿತ್ತಿಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಚುಕ್ಕಿ, ಧಾರಣೆ ಏರಿದರೆ ಮೇಲೆ, ಇಳಿದರೆ ಕೆಳಗೆ, ಚುಕ್ಕಿಗೆ ಚುಕ್ಕಿ ಸೇರಿಸಿ ಗೆರೆ, ಯುದ್ಧ ಶುರುವಾದಾಗಿನಿಂದ ಗೆರೆ ಮೇಲಕ್ಕೇ ಹೊರಟಿದೆ ಭಾಯಿ, ಇನ್ನೂ ಹೋಗುತ್ತೆ, ಈಗ ಕೊಳ್ಳದಿದ್ದರೆ ಕೈ ಕೈ ಹಿಸುಕಿಕೊಳ್ಳುತ್ತೀರಿ — ಹುಡುಗಾಟದವನಲ್ಲ ವಾಜಿದ್, ಆ ಗೆರೆ ನೋಡಿ ಎರಡು ಸಲ ಹೇಳಿದ್ದ, ಎರಡು ಸಲವೂ ಹೇಳಿದಂತೆ ಆಯಿತು, ಭೇಷ್ ಅನ್ನಲೇಬೇಕು, ಆದರೆ ಗೋಡೆಯ ಮೇಲಿನ ಗೆರೆ ಮಂಡ್ಯದ ಬೆಲ್ಲದ್ದು, ಹೊನ್ನಯ್ಯನ ಗಾಣದ್ದಲ್ಲವಲ್ಲ. ಕಿವಿ ಕೊಳ್ಳು ಅನ್ನುತ್ತದೆ, ಗೋಡೆ ಕೊಳ್ಳು ಅನ್ನುತ್ತದೆ, ಇಬ್ಬರು ಸಾಕ್ಷಿ ಹೇಳಿದ ಮೇಲೆ ಇನ್ನೂ ಏನು ಮೀನಮೇಷ ಎಣಿಸುತ್ತಿದ್ದೀಯೋ ಪುಣ್ಯಾತ್ಮ, ಅಂದರೆ, ಪಟ್ಟಲಮ್ಮ, ವೈದ್ಯನಾಥಪುರದ ಮುದುಕಿ ಪಟ್ಟಲಮ್ಮ ಮನಸ್ಸಿನೊಳಗೆ ಅಡ್ಡ ನಿಂತಿದ್ದಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಷ್ಟಿ ಮುಂದೆ ಚಾಚಿ.

ಹೋದ ವರ್ಷ ಇದೇ ಕಾಲ, ಅವಳ ಆಲೆಮನೆಯ ಎಂಜಿನ್ನು ಬಿಚ್ಚಿ ಮೂರು ದಿನ ಒದ್ದಾಡಿ ಜೋಡಿಸಿದ್ದ, ಕೇಳಮ್ಮಾ ಸದ್ದು ಹೇಗಿದೆ ಅಂತ ಎದೆಯುಬ್ಬಿಸಿ ನಿಂತಿದ್ದ, ಮುದುಕಿ ಎಂಜಿನ್ನಿನ ಕಡೆ ಕತ್ತೂ ತಿರುಗಿಸಲಿಲ್ಲ, ನೆಟ್ಟಗೆ ಗಾಣದ ಹಿಂಬದಿಗೆ ಹೋದಳು, ಉರುಳೆಗಳ ನಡುವಿನಿಂದ ಬೀಳುತ್ತಿದ್ದ ಕಬ್ಬಿನ ಸಿಪ್ಪೆಯನ್ನು ಒಂದು ಹಿಡಿ ಎತ್ತಿ ಒದ್ದೆ ಸೀರೆ ಹಿಂಡುವ ಹಾಗೆ ಎರಡು ಕೈಯಲ್ಲೂ ತಿರುಚಿದಳು, ತೊಟ್ಟಿಕ್ಕಿತು ರಸ — ಸದ್ದು ಕಟ್ಕಂಡು ನಾನೇನ್ ಮಾಡ್ಲಪ್ಪಾ ಸಾಬಣ್ಣ, ನಿನ್ ಎಂಜಿನ್ನು ಪದ ಆಡ್ತದೆ ಕಣಪ್ಪಾ, ನನ್ ರಸ ಎಲ್ಲೋಯ್ತು? ಅವಮಾನದಿಂದ ಕಿವಿ ಕಾದು ಹೋಗಿತ್ತು, ಆ ಹೆಸರುವಾಸಿ ಕಿವಿ, ಬಗ್ಗಿ ನೋಡಿದರೆ ಉರುಳೆಗಳ ನಡುವೆ ಸಂದು ಜಾಸ್ತಿ, ಕಬ್ಬು ಅರ್ಧಂಬರ್ಧ ಅರೆದು ಹೊರಬರುತ್ತಿದೆ, ಉಳಿದ ರಸ ಸಿಪ್ಪೆಯ ಜೊತೆ ಒಲೆಗೆ, ಸಂದು ಬಿಗಿ ಮಾಡಿದ, ಮತ್ತೆ ಹಿಂಡಿದಳು, ಆ ಕರಿ ಮುಷ್ಟಿಯಿಂದ ಒಂದು ಹನಿಯೂ ಇಲ್ಲ, ಈಗ ಸರ್ಯಾಯ್ತು ಕಣಪ್ಪಾ, ಉಣ್ಣು ಬಾ, ಅಂದಳು, ಅಷ್ಟೇ. ಎತ್ತು ಕೊಳ್ಳುವಾಗಲೂ ಹಾಗೇ ಅಂತೆ, ಜನ ಕೊಂಬು ನೋಡಿದರೆ, ಬೆನ್ನ ಮೇಲಿನ ಹಿಣಿಲು ತಟ್ಟಿದರೆ, ಇವಳು ಸಗಣಿ ಕೆದಕಿ ನೋಡುತ್ತಾಳೆ, ಹುರುಳಿ ಇಡಿಕಾಳು ಹಾಗೇ ಬಿದ್ದಿದ್ದರೆ ಆ ಎತ್ತು ಬೇಡ, ಹಲ್ಲಿಲ್ಲ ಅದಕ್ಕೆ, ತಿಂದದ್ದು ಮೈಗೆ ಹತ್ತುವುದಿಲ್ಲ, ಎಲ್ಲಾರೂ ಒಳೀಕೇನ್ ಓಯ್ತದೆ ಅಂತ ನೋಡ್ತಾರೆ ಕಣಪ್ಪಾ, ಈಚೀಕೇನ್ ಬುಡ್ತದೆ ಅಂತ ನೋಡೋರು ಯಾರು? ಅಬ್ಬಬ್ಬಾ, ಅಕ್ಷರದ ಗಂಧವಿಲ್ಲದ ಆ ಮುದುಕಿಗೆ ಇದನ್ನು ಹೇಳಿಕೊಟ್ಟವರು ಯಾರು, ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದ ತನಗೆ ಹೊಳೆಯಲಿಲ್ಲವಲ್ಲ, ಕಾಲಿಗೆ ಬಿದ್ದುಬಿಡಬೇಕು ಅನಿಸುತ್ತದೆ ಒಂದೊಂದು ಸಲ.

ಸರಿ, ನೋಡೇಬಿಡೋಣ, ಗಾಣದ ಹಿಂದೆ ಹೋಗುತ್ತಾನೆ, ಹಸಿಹಸಿ ಸಿಪ್ಪೆ ಬೀಳುತ್ತಿದೆ, ಒಂದು ಹಿಡಿ ಎತ್ತುತ್ತಾನೆ, ಹಿಂಡುತ್ತಾನೆ, ಏನೂ ಇಲ್ಲ, ಹನಿ ಇಲ್ಲ! ಅಲ್ಹಮ್ದುಲಿಲ್ಲಾ, ಕಿವಿಯೂ ಗೋಡೆಯೂ ಮುಷ್ಟಿಯೂ ಒಂದಾದವು, ಗಾಣ ನಿನ್ನದೇ ನಜೀರ, ವರ್ಷ ಕಳೆಯುವುದರೊಳಗೆ ಮೆಹರುನ್ನೀಸಾಳ ಕೈಗೆ ಆರರ ಜಾಗದಲ್ಲಿ ಎಂಟು ಬಳೆ — ಹೊನ್ನಯ್ಯ ನಗುತ್ತಾನೆ, ಇದೇನ್ ಸಾಬ್ರೇ, ಎಂಜಿನ್ ಮೇಸ್ತ್ರಿ ಆಗಿ ಸಿಪ್ಪೆ ಇಂಡ್ತೀರಾ, ಎಂಗಸ್ರಂಗೆ — ಹೆಂಗಸರ ಹಾಗೆ? ಎಲ್ಲಿ, ಹೆಂಗಸರ ಹಾಗೆ ಹಿಂಡಿದೆನಾ ನಾನು? ಒಂದೇ ಕೈಯಲ್ಲಿ, ಮೆತ್ತಗೆ, ಹಸುಗೂಸಿನ ಕೈ ಹಿಡಿದ ಹಾಗೆ ಅಮುಕಿದೆ ಅಷ್ಟೇ, ಥೂ ಕಳ್ಳ, ಹನಿ ಬರಬಾರದು ಅಂತಲೇ ಹಿಂಡಿದೆಯಲ್ಲೋ, ಯಾರಿಗೆ ಮೋಸ ಮಾಡಲು ಹೊರಟೆ, ಜೇಬಿನಲ್ಲಿರುವುದು ನಿನ್ನಪ್ಪನ ಗಂಟೇನೋ. ಇನ್ನೊಂದು ಹಿಡಿ ಎತ್ತುತ್ತಾನೆ, ದಪ್ಪಗೆ, ಕೋಟಿನ ತೋಳು ಮೇಲಕ್ಕೆ ಸರಿಸುತ್ತಾನೆ, ಎರಡು ಕೈ, ಒದ್ದೆ ಸೀರೆ, ತಿರುಚುತ್ತಾನೆ, ಹಲ್ಲು ಕಚ್ಚಿ ತಿರುಚುತ್ತಾನೆ, ಟಕ್ ಟಕ್ ಟಕ್, ಬೇಡ, ಬರಬೇಡ, ಉರುಳೆ ಸವೆದಿದ್ದರೆ ಬಿಗಿ ಮಾಡಿ ಉಪಯೋಗವಿಲ್ಲ, ಹೊಸದು ತರಿಸಬೇಕು, ಯುದ್ಧ ಅಂತ ಕಬ್ಬಿಣದ ಬೆಲೆಗೆ ಬೆಂಕಿ ಬಿದ್ದಿದೆ, ಆರು ಬಳೆಯ ಮೇಲೆ ಇನ್ನೂ ಆರು ಬಳೆ ಎಲ್ಲಿಂದ, ಬರಬೇಡ — ಬಂತು. ಕಿರುಬೆರಳ ಸಂದಿಯಿಂದ ರಸ ಇಣುಕಿತು, ಬಗ್ಗಿ ಉರುಳೆ ನೋಡಿದರೆ ನಡುವೆ ತಟ್ಟೆಯ ಹಾಗೆ ತಗ್ಗು, ಸವೆದು ನುಣ್ಣಗಾಗಿದೆ, ಇಷ್ಟು ಹೊತ್ತು ಕಣ್ಣೆದುರೇ ಇತ್ತು, ಕಿವಿ ಕೇಳುತ್ತಿದ್ದರಿಂದ ಕಣ್ಣು ಮುಚ್ಚಿತ್ತು, ಭಲೇ ಪಟ್ಟಲಮ್ಮ, ಭಲೇ ತಾಯಿ — ಮಳವಳ್ಳಿಯವರಿಗೇ ಕೊಡಿ ಹೊನ್ನಯ್ಯನೋರೇ, ನನಗೆ ಬೇಡ, ಅಂದದ್ದು ತಾನೇನಾ, ಹೊನ್ನಯ್ಯ ಏನೋ ಅನ್ನುತ್ತಿದ್ದಾನೆ, ಕೇಳಿಸುತ್ತಿಲ್ಲ, ಎಂಜಿನ್ನೂ ಕೇಳಿಸುತ್ತಿಲ್ಲ, ಹಿಡಿದ ಮುಷ್ಟಿ ಬಿಟ್ಟಿಲ್ಲ ಅವನು, ರಸ ಅಂಗೈ ದಾಟಿ ಇಳಿಯುತ್ತಿದೆ, ಬೆಚ್ಚಗೆ, ನಿಧಾನ, ಮಣಿಕಟ್ಟಿಗೆ ಬಂತು, ಬೆಳಿಗ್ಗೆ ಅವಳ ಕೈಯಲ್ಲಿ ಬೆಳ್ಳಗೆ ಕಂಡಿತಲ್ಲ, ಅದೇ ಜಾಗಕ್ಕೆ, ಸುತ್ತಿಕೊಂಡಿತು, ಬಳೆ ಕೂರುವ ಜಾಗದಲ್ಲಿ, ಒಂದು ಸುತ್ತು, ಬಿಸಿಲಿಗೆ ಹೊಳೆಯುತ್ತಿದೆ, ಅಲ್ಲೇ ನಿಂತಿದೆ.