ಗಮ್ಮಿನ ಕಲೆ

"ಇಲ್ಲಿ ಕೊಡಮ್ಮಾ, ನಾನು ಬಿಚ್ತೀನಿ. ಕೈ ಕುಯ್ಕೋತೀಯ," ಎಂದಳು ಮಗಳು ಪೌಲಾ.

"ಸುಮ್ನಿರೆ. ಇದು ನನ್ನ ಕೆಲಸ."

ಅಗ್ನೆಸ್ ಗಂಡನ ಶವಪೆಟ್ಟಿಗೆಗೆ ಆತುಕೊಂಡು ನಿಂತು, ಚರ್ಚಿನ ಅಡಿಗೆಮನೆಯಿಂದ ತಂದ ಬೆಣ್ಣೆಚಾಕುವಿನಿಂದ ಒಂದು ಚಿಕ್ಕ ಗಾಜಿನ ಚೌಕಟ್ಟಿನ ಬೆನ್ನು ಬಿಡಿಸುತ್ತಿದ್ದಳು. ಒಳಗಿದ್ದದ್ದು ಡ್ಯೂಯಿ ಪಾರ್ಕಿನ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರವಿದ್ದ, ಅವನ ಮೊದಲ ವರ್ಷದ ಕಾರ್ಡು. ಅವಳ ಗಂಡ ಎಮಿಲ್ ಹುಡಾಕ್ ಆಯುಷ್ಯವಿಡೀ ಈ ಒಬ್ಬನ ಕಾರ್ಡುಗಳನ್ನೇ ಕೂಡಿಹಾಕಿದವನು. ಪಾರ್ಕಿನ್ ಅಂಥ ಮಹಾ ಆಟಗಾರನೇನಲ್ಲ ಬಿಡಿ, ಹೊಡೆದದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ. ಆದರೆ ಅವನು ದುಡಿದ ಯಂಗ್ಸ್‌ಟೌನಿನ ಉಕ್ಕಿನ ಕಾರ್ಖಾನೆಯಲ್ಲಿ ಹಾಗೆಂದು ಎಮಿಲ್‌ನ ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಫಾದರ್ ಬಾಗಿಲಲ್ಲಿ ಕಾಯುತ್ತಿದ್ದರು. ಪೆಟ್ಟಿಗೆ ಮುಚ್ಚುವ ಹೊತ್ತಾಗಿತ್ತು.

*

ಆಗ ಅಗ್ನೆಸ್‌ಗೆ ಹದಿನೇಳು. ಔಷಧದಂಗಡಿಯ ಮೆಟ್ಟಿಲ ಮೇಲೆ ಕೂತು ಚೂಯಿಂಗ್ ಗಮ್ಮಿನ ಪೊಟ್ಟಣ ಹರಿದಳು. ಗಮ್ಮಿನ ಜೊತೆ ಬಿಟ್ಟಿ ಸಿಗುವ ಕಾರ್ಡಿನಲ್ಲಿ ಪಾರ್ಕಿನ್ ಬಂದ. ಪಕ್ಕದಲ್ಲಿದ್ದ ಎಮಿಲ್‌ನ ಬಾಯಿ ತೆರೆದೇ ಇತ್ತು.

"ಬೇಕಾ?"

"ಕೇಳ್ತೀಯಲ್ಲ!"

"ಹಾಗಾದ್ರೆ ಶನಿವಾರ ಡಾನ್ಸಿಗೆ ಕರ್ಕೊಂಡು ಹೋಗು."

ಕಾರ್ಡಿನ ಹಿಂಭಾಗಕ್ಕೆ ಗಮ್ಮು ಅಂಟಿ ಕಂದು ಕಲೆಯಾಗಿತ್ತು. ಅಗ್ನೆಸ್ ಉಗುರಿನಿಂದ ಕೆರೆಯಹೋದಳು.

"ಬಿಡು, ಅದು ಹಾಗೇ ಇರಲಿ," ಎಂದ ಎಮಿಲ್. "ನಿನ್ನ ಗುರುತು. ನಾನು ಸತ್ರೂ ಇದು ನನ್ನ ಜೇಬಲ್ಲೇ ಇರಬೇಕು."

ಪ್ರತಿ ಮದುವೆ ವಾರ್ಷಿಕೋತ್ಸವಕ್ಕೂ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ನೆಂಟರ ಮುಂದೆ ಇದೇ ಕತೆ ಹೇಳುತ್ತಿದ್ದ. ಅಗ್ನೆಸ್ ಪ್ರತಿ ಸಲವೂ ನಾಚಿ ಒಳಗೆ ಎದ್ದುಹೋಗುತ್ತಿದ್ದಳು.

*

ಚೌಕಟ್ಟು ಬಿಚ್ಚಿಕೊಂಡಿತು. ಆ ಕಲೆಗೊಂದು ಮುತ್ತು ಕೊಟ್ಟು ಜೇಬಿಗಿಡಬೇಕೆಂದು ಕಾರ್ಡು ತಿರುಗಿಸಿದಳು. ಹಿಂದೆ ಪಾರ್ಕಿನ್‌ನ ಆಟದ ಅಂಕಿಗಳಿದ್ದವು. ಕಲೆ ಇರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಆಗಷ್ಟೇ ಅಚ್ಚಾದಂತೆ ಶುಭ್ರವಾಗಿತ್ತು.

"ರಸ್, ಬಾ ಇಲ್ಲಿ."

ರಸ್ ಕಪೂಟೊ, ಎಮಿಲ್‌ನ ಹಾಗೇ ಕಾರ್ಡು ಕೂಡಿಹಾಕುತ್ತಿದ್ದ ಗೆಳೆಯ, ಗಮ್ಮು ಜಗಿಯುತ್ತಲೇ ಬಂದ. ಸಿಗರೇಟು ಬಿಟ್ಟಾಗಿನಿಂದ ಅವನ ಬಾಯಿಗೆ ಬಿಡುವೇ ಇಲ್ಲ.

"ಇದರ ಕಲೆ ಎಲ್ಲಿ?"

"ಓ, ಅದಾ? ಅದನ್ನ ಎಮಿಲ್ ನನ್ನ ಹತ್ರ ಬದಲಾಯಿಸಿಕೊಂಡ್ನಲ್ಲ! ಪೌಲಾ ಮದುವೆ ವರ್ಷ. ನನ್ನ ಹತ್ರ ಇದಿತ್ತು, ಕಲೆ ಇಲ್ಲದ್ದು. ನಾವೆಲ್ಲ ಹಾಗೇ ಅಗ್ನೆಸ್, ಒಳ್ಳೇದು ಸಿಕ್ಕಿದ್ರೆ ಹಳೇದು ಕೊಟ್ಬಿಡ್ತೀವಿ. ಕಾರ್ಡು ಅದೇ ತಾನೆ?"

"ಅದೇನಾ?"

ರಸ್‌ಗೆ ಈಗ ಏನೋ ತಪ್ಪಾಗಿದೆ ಅನ್ನಿಸಿತು. "ನಾನು ಬೇಡಾಂದೆ ಕಣಮ್ಮ, ಕಲೆ ಇದೆ ಅಂತ. ಅವನೇ, ತಗೋ ಮಾರಾಯ, ಬೇಕಾದ್ರೆ ಇನ್ನೆರಡು ಸೇರಿಸಿ ಕೊಡ್ತೀನಿ, ಇದನ್ನ ತಗೊಂಡು ಹೋಗು ಅಂದ."

"ಯಾರು ಕೊಟ್ಟಿದ್ದು ಅಂತ ಹೇಳ್ಲಿಲ್ವಾ?"

"ಇಲ್ಲ."

"ಈಗ ಎಲ್ಲಿದೆ?"

"ಯಾರಿಗೋ ಸುಮ್ನೆ ಕೊಟ್ಟೆ. ನೆನಪಿಲ್ಲ."

ಪೌಲಾಳಿಗೆ ಈಗ ಎರಡು ಮಕ್ಕಳು, ಇಬ್ಬರೂ ಕಾಲೇಜಿಗೆ ಹೋಗುತ್ತಾರೆ. ಅಷ್ಟು ವರ್ಷವೂ ಎಮಿಲ್ ಇದನ್ನು ಹಿಡಿದುಕೊಂಡು ಆ ಕತೆ ಹೇಳಿದ. ತಾನು ನಾಚಿದ್ದೆಲ್ಲ ನೆನಪಾಗಿ ಅಗ್ನೆಸ್‌ಗೆ ಮೈ ಉರಿಯಿತು. ಪೆಟ್ಟಿಗೆಯೊಳಗೆ ನೋಡಿದಳು. ನೀಲಿ ಸೂಟು ಹಾಕಿಕೊಂಡು ಏನೂ ಗೊತ್ತಿಲ್ಲದವನ ಹಾಗೆ ಮಲಗಿದ್ದ.

"ಥೂ, ಕಳ್ಳ," ಎಂದಳು.

"ಅಮ್ಮಾ! ಫಾದರ್ ಇದ್ದಾರೆ!"

"ಇರಲಿ. ಅವರಿಗೂ ಕೇಳಿಸಲಿ. ರಸ್, ಒಂದು ಗಮ್ಮು ಕೊಡು."

ರಸ್ ತಬ್ಬಿಬ್ಬಾಗಿ ಕೊಟ್ಟ. ಅಗ್ನೆಸ್ ಕಾಗದ ಸುಲಿದು ಬಾಯಿಗೆ ಹಾಕಿ, ಗಂಡನ ಮುಖವನ್ನೇ ನೋಡುತ್ತ ಜಗಿದಳು. ಎಲ್ಲರೂ ಕಾದರು. ಫಾದರ್ ಗಡಿಯಾರ ನೋಡಿಕೊಂಡರು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದವಡೆ ಮಾತ್ರ ನಿಲ್ಲಲಿಲ್ಲ.

ಆಮೇಲೆ ಗಮ್ಮನ್ನು ಬಾಯಿಂದ ತೆಗೆದು ಕಾರ್ಡಿನ ಬೆನ್ನಿಗಿಟ್ಟು ಹೆಬ್ಬೆರಳಿನಿಂದ ಒತ್ತಿದಳು.

"ಅಯ್ಯಯ್ಯೋ, ಅಗ್ನೆಸ್!" ರಸ್ ಎದೆ ಹಿಡಿದುಕೊಂಡ. ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದವನ ಕಣ್ಣು ಈಗ ತುಂಬಿತು.

ಅವಳು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದಳು. ಬೆರಳಿನ ಗೆರೆಗಳು ಗುಲಾಬಿ ಗಮ್ಮಿನ ಮೇಲೆ ಸ್ಪಷ್ಟವಾಗಿ ಮೂಡಿದವು. ಆ ಕಾರ್ಡನ್ನು ಎಮಿಲ್‌ನ ಎದೆಯ ಜೇಬಿಗೆ ತುರುಕಿ, ಮುಚ್ಚಳ ಹಾಕಲು ಸನ್ನೆ ಮಾಡಿದಳು.